ಬಿಳಿ ಮೋರೆಯ ತಾಯಂದಿರು

ಸೆಪ್ಟೆಂಬರ್ 16, 2023

ದನ ಮಾರುವವರು ಮೊದಲು ತೋರಿಸಿದ್ದು ಗೂಳಿಯನ್ನು. ಹತ್ತಿರ ಹತ್ತಿರ ಒಂದು ಟನ್ ತೂಗುವ ಪ್ರಾಣಿ. ಹಣೆಯ ಮೇಲೆ ಗುಂಗುರು ಬಿಳಿ ಕೂದಲು, ಕುತ್ತಿಗೆಯಲ್ಲಿ ಮಡಿಕೆ ಮಡಿಕೆಯಾಗಿ ಮಾಂಸ. ಯಾರಾದರೂ ನಿಂತು ನೋಡಲೇಬೇಕು. ನಾನೂ ಸ್ವಲ್ಪ ಹೊತ್ತು ನಿಂತಿದ್ದು, ಆಮೇಲೆ ಹಸುಗಳು ಮೇಯುತ್ತಿದ್ದ ಕಡೆಗೆ ನಡೆದೆ. ಇಂಗ್ಲೆಂಡಿನ ವೆಬ್ಲಿ ಹತ್ತಿರದ ನಮ್ಮ ಹನ್ನೆರಡು ಎಕರೆಗೆ ಗೂಳಿ ಬೇಕಿಲ್ಲ. ಒಂದು ಹಸು, ಅದರ ಕರು ಎಂದರೆ ಸುಮಾರು ಒಂದೂವರೆ ಎಕರೆ ಹುಲ್ಲು ಬೇಕು. ಚಳಿಗಾಲದ ಒಣಹುಲ್ಲಿಗೆ ಬೇರೆ ಜಾಗ ಬಿಡಬೇಕು. ಇಷ್ಟು ಸಣ್ಣ ಹಿಂಡಿಗೆ ಒಳ್ಳೆಯ ಗೂಳಿಯ ವೀರ್ಯ ನಳಿಕೆಯಲ್ಲೇ ಸಿಗುತ್ತದೆ. ತಾಯಿ ಹಾಗೆ ಸಿಗುವುದಿಲ್ಲ. ಇರುವ ಹಣವನ್ನೆಲ್ಲ ತಾಯಂದಿರ ಮೇಲೆ ಹಾಕುವುದೆಂದು ನಮ್ಮ ಮನೆಯವರೂ ನಾನೂ ಮೊದಲೇ ಮಾತಾಡಿಕೊಂಡಿದ್ದೆವು.

ಹಸು ಮೇಯುವುದನ್ನಲ್ಲ, ನಡೆಯುವುದನ್ನು ನೋಡು ಎಂದು ಅಪ್ಪ ಹೇಳುತ್ತಿದ್ದರು. ಮುಂಗಾಲು ಎತ್ತಿದ ಜಾಗದಲ್ಲೇ ಹಿಂಗಾಲು ಬೀಳಬೇಕು. ಗೊರಸು ಸಮವಾಗಿ ಸವೆದಿರಬೇಕು. ಕೆಚ್ಚಲು ಹೊಟ್ಟೆಗೆ ಅಂಟಿಕೊಂಡಂತಿರಬೇಕು, ಮೊಲೆ ಸಣ್ಣಗಿರಬೇಕು. ದಪ್ಪ ಮೊಲೆ ಎಳೆಗರುವಿನ ಬಾಯಿಗೆ ಸಿಗುವುದಿಲ್ಲ. ಇಷ್ಟು ನಮ್ಮ ಊರ ಕಡೆಯ ನಾಗಮಂಗಲಕ್ಕೂ ಹೆರೆಫೋರ್ಡ್‌ಶೈರಿಗೂ ಒಂದೇ. ಇಲ್ಲಿ ಇನ್ನೊಂದನ್ನು ಸೇರಿಸಿಕೊಳ್ಳಬೇಕು, ಕಣ್ಣಿನ ಸುತ್ತಲಿನ ಬಣ್ಣ. ಈ ಹೆರೆಫೋರ್ಡ್ ತಳಿಯ ಮುಖವೆಲ್ಲ ಬಿಳಿ. ರೆಪ್ಪೆಯ ಅಂಚೂ ಬಣ್ಣವಿಲ್ಲದೆ ಗುಲಾಬಿಯಾಗಿದ್ದರೆ ಬಿಸಿಲಿಗೆ ಕಣ್ಣಿನ ಕ್ಯಾನ್ಸರ್ ಬರುವ ಅಪಾಯ ಹೆಚ್ಚು. ಕಣ್ಣಿನ ಸುತ್ತ ಕೆಂಪು ವರ್ತುಲವಿದ್ದರೆ ಒಳ್ಳೆಯದು.

ಮೂರು ತಲೆ ಒಪ್ಪಿದೆ. ಮಾರ್ಚಿನಲ್ಲಿ ಈಯುವ ಎರಡು ಗಬ್ಬದ ಹಸು, ಈಗಷ್ಟೇ ಹಾಲು ಬಿಡಿಸಿದ ಒಂದು ಹೆಣ್ಣುಕರು. ಕೆಂಪಿ, ಗೌರಿ, ಚೆಲ್ವಿ ಎಂದು ಕಾರಿನಲ್ಲಿ ಬರುವಾಗಲೇ ಹೆಸರಿಟ್ಟಾಯಿತು.

ಅಕ್ಟೋಬರ್ 3

ಕಾಗದಪತ್ರದ ದಿನಗಳು. ಜಮೀನಿಗೊಂದು ಸಂಖ್ಯೆ, ಹಿಂಡಿಗೊಂದು ಗುರುತು, ಔಷಧಿ ಬರೆದಿಡಲು ಪುಸ್ತಕ. ಬೇಲಿ ಮುಗಿದಿದೆ, ನೀರಿನ ತೊಟ್ಟಿ ಕೂರಿಸಿದ್ದಾರೆ.

ಅಕ್ಟೋಬರ್ 13

ಮಾರುವವರ ಫಾರ್ಮಿನಲ್ಲಿ ಇವತ್ತು ಕ್ಷಯದ ಪರೀಕ್ಷೆಯ ಫಲಿತಾಂಶ. ಈ ಜಿಲ್ಲೆ ದನದ ಕ್ಷಯದ ಅಪಾಯ ಹೆಚ್ಚಿರುವ ಪ್ರದೇಶದಲ್ಲಿದೆ. ಕಾಡಿನ ಬ್ಯಾಜರ್ ಪ್ರಾಣಿಗಳಲ್ಲೂ ಈ ರೋಗವಿದೆ. ನಲವತ್ತೆರಡು ದಿನ ದಾಟಿದ ಯಾವ ದನವನ್ನೂ ಪರೀಕ್ಷೆಯಿಲ್ಲದೆ ಬೇರೆ ಫಾರ್ಮಿಗೆ ಸಾಗಿಸುವಂತಿಲ್ಲ. ವೈದ್ಯರು ಮಂಗಳವಾರ ಬಂದು ಕುತ್ತಿಗೆಯ ಒಂದೇ ಬದಿಯಲ್ಲಿ ಎರಡು ಕಡೆ ಕೂದಲು ಕತ್ತರಿಸಿ, ಚರ್ಮದ ದಪ್ಪ ಅಳೆದು, ಮೇಲೆ ಹಕ್ಕಿಯ ಕ್ಷಯದ ಟ್ಯುಬರ್ಕ್ಯುಲಿನ್, ಕೆಳಗೆ ದನದ್ದು ಚುಚ್ಚಿ ಹೋಗಿದ್ದರು. ಎಪ್ಪತ್ತೆರಡು ಗಂಟೆ ಬಿಟ್ಟು ಮತ್ತೆ ಅಳೆಯಬೇಕು. ಕೆಳಗಿನ ಬಾವು ಮೇಲಿನದಕ್ಕಿಂತ ನಾಲ್ಕು ಮಿಲಿಮೀಟರಿಗೂ ಹೆಚ್ಚಿದ್ದರೆ ಆ ದನ ಕಸಾಯಿಖಾನೆಗೆ ಹೋಗುತ್ತದೆ, ಇಡೀ ಹಿಂಡಿಗೆ ದಿಗ್ಬಂಧನ ಬೀಳುತ್ತದೆ.

ವೈದ್ಯರು ಗೌರಿಯ ಕುತ್ತಿಗೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಅಳತೆ ಹೇಳುವಾಗ ನಾನು ಉಸಿರು ಬಿಗಿಹಿಡಿದಿದ್ದೆ. ಏನೂ ಏರಿರಲಿಲ್ಲ. ಮೂರೂ ಪಾಸು. ಇಲ್ಲಿನ ರೈತರು ಆರು ತಿಂಗಳಿಗೊಮ್ಮೆ ಈ ಮೂರು ದಿನವನ್ನು ಕಳೆಯುತ್ತಾರೆ. ನಾನೂ ಇನ್ನು ಅವರ ಜೊತೆಗೆ.

ಅಕ್ಟೋಬರ್ 21

ದನ ಬಂದಿವೆ. ಲಾರಿಯಿಂದ ಇಳಿದವೇ ಬೇಲಿಯುದ್ದಕ್ಕೂ ಒಂದು ಸುತ್ತು ಹಾಕಿ ಮೇಯಲು ತಲೆ ಬಗ್ಗಿಸಿದವು. ಈ ತಳಿಯ ಸಾಧುತನದ ಬಗ್ಗೆ ಎಲ್ಲರೂ ಹೇಳುತ್ತಾರೆ, ನೋಡಿದಾಗಲೇ ನಂಬಿಕೆ ಬರುವುದು. ದನ ಬಂದ ದಿನದಿಂದ ಆರು ದಿನ ನಮ್ಮ ಜಮೀನಿನಿಂದ ಯಾವ ದನವೂ ಹೊರಗೆ ಹೋಗುವಂತಿಲ್ಲ. ಹೋಗಲು ಬೇರೆ ಯಾವುವೂ ಇಲ್ಲ.

ಪಕ್ಕದ ಫಾರ್ಮಿನ ಯಜಮಾನರು ಗೇಟಿನ ಬಳಿ ನಿಂತು ನೋಡಿ, ಕೆಂಪಿಯ ಬೆನ್ನು ಚೆನ್ನಾಗಿದೆ ಎಂದರು. ಅವರ ತಾತನ ಕಾಲದಿಂದ ಇದೇ ದನ. ಇಲ್ಲಿಂದ ಕ್ಯಾನನ್ ಪಯಾನ್ ದೂರವೇನಲ್ಲ. ಅಲ್ಲಿನ ಬೆಂಜಮಿನ್ ಟಾಮ್ಕಿನ್ಸ್ ಎಂಬ ರೈತ 1742ರ ಸುಮಾರಿಗೆ ಸಿಲ್ವರ್ ಎಂಬ ಹಸುವಿನ ಹೋರಿಗರು, ಪಿಜನ್ ಮತ್ತು ಮಾಟಲ್ ಎಂಬ ಎರಡು ಹಸು ಇಟ್ಟುಕೊಂಡು ತಳಿ ಕಟ್ಟಲು ಶುರುಮಾಡಿದ ಎಂದು ಇಲ್ಲಿನವರು ಹೇಳುತ್ತಾರೆ. ಆಗ ಮೈಸೂರು ಸೀಮೆಯಲ್ಲಿ ಬೆಣ್ಣೆ ಚಾವಡಿ ಎಂಬ ಅರಮನೆ ಹಿಂಡಿನ ದನ ಅರಸರ ಕಾವಲುಗಳಲ್ಲಿ ಮೇಯುತ್ತಿದ್ದವು. ಟಾಮ್ಕಿನ್ಸನ ಕಥೆಯಲ್ಲೂ ಹೆಸರು ಉಳಿದಿರುವುದು ಹಸುಗಳದ್ದೇ.

ನವೆಂಬರ್ 12

ದೀಪಾವಳಿ. ಬಲಿಪಾಡ್ಯಮಿಗೆ ಅಪ್ಪ ಊರಲ್ಲಿ ದನಕ್ಕೆ ಮೈ ತೊಳೆಸಿ ಕೊಂಬಿಗೆ ಬಣ್ಣ ಹಚ್ಚುತ್ತಾರೆ. ನಮ್ಮ ಮೂರಕ್ಕೂ ಕೊಂಬಿಲ್ಲ, ಕೊಂಬಿಲ್ಲದ ವಂಶದವು. ಫೋನಿನಲ್ಲಿ ಅಪ್ಪ ಕೇಳಿದರು: "ಗಂಡುಕರ ಆದ್ರೆ ಏನ್ಮಾಡೀಯೆ ಮಗಾ?"

"ಇಲ್ಲಿ ಉಳೋಕೆ ಯಾರೂ ದನ ಕಟ್ಟಲ್ಲಪ್ಪ."

"ಹಂಗಾದ್ರೆ ಕಟುಕನ ಪಾಲೇ?"

"ಹೂಂನಪ್ಪ."

"ಆಯ್ತು. ಇರಗಂಟ ಚೆಂದಾಗಿ ನೋಡ್ಕೊ" ಎಂದರು. ಅದಕ್ಕಿಂತ ಹೆಚ್ಚು ಕೇಳಲಿಲ್ಲ, ಬೈಯಲೂ ಇಲ್ಲ. ಅವರು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ನಮ್ಮ ಕೊಟ್ಟಿಗೆಯಲ್ಲಿ ಹಳ್ಳಿಕಾರ್ ಹಸು ಹೋರಿಗರು ಹಾಕಿದರೆ ಮನೆಯೆಲ್ಲ ಸಂಭ್ರಮ. ಹಾಲು ಲೆಕ್ಕಕ್ಕಿರಲಿಲ್ಲ, ಜೋಡಿಯಾಗುವ ಗಂಡಿಗೇ ಬೆಲೆ. ಹೆರೆಫೋರ್ಡ್ ಕೂಡ ಮೊದಲು ನೇಗಿಲಿನ ಎತ್ತೇ. ಕೆಲವು ವರ್ಷ ಉತ್ತ ಮೇಲೆ ಹುಲ್ಲಿನಲ್ಲಿ ಕೊಬ್ಬಿಸಿ ಮಾಂಸಕ್ಕೆ ಮಾರುತ್ತಿದ್ದರು. ನೇಗಿಲು ಹೋಯಿತು, ಮಾಂಸ ಉಳಿಯಿತು, ತಳಿಯೂ ಉಳಿಯಿತು. ಊರಲ್ಲಿ ಟ್ರ್ಯಾಕ್ಟರ್ ಬಂದ ಮೇಲೆ ಜೋಡಿ ಕಟ್ಟುವ ಮನೆಗಳು ಬೀದಿಗೊಂದೂ ಇಲ್ಲ. ಯಾವ ತಳಿಯಾದರೂ ಅದರಿಂದ ಒಂದು ಕೆಲಸ ಆಗುತ್ತಿರುವಷ್ಟು ಕಾಲ ಮಾತ್ರ ಉಳಿಯುತ್ತದೆ. ಇದನ್ನು ತಿಳಿದೇ ಈ ಕೆಲಸಕ್ಕೆ ಕೈಹಾಕಿದ್ದೇನೆ. ನಾನು ದನದ ಮಾಂಸ ತಿನ್ನುವುದಿಲ್ಲ, ತಿನ್ನುವವರ ಬಗ್ಗೆ ಮನಸ್ಸಿನಲ್ಲಿ ಕಹಿಯೂ ಇಲ್ಲ. ಕರು ನನ್ನ ಬಳಿ ಇರುವವರೆಗೆ ಅದಕ್ಕೆ ಹಸಿವು, ಹೆದರಿಕೆ, ನೋವು ತಾಕದಂತೆ ನೋಡಿಕೊಳ್ಳುವುದು ನನ್ನ ಹೊಣೆ.

ಜನವರಿ 14, 2024

ಮಳೆ, ಕೆಸರು. ಕೆಂಪು ಮಣ್ಣು ಗೊರಸಿಗೆ ಸಿಕ್ಕಿ ಹುಲ್ಲಿನ ಬೇರೇ ಏಳುವಂತಾಗಿದ್ದರಿಂದ ದನವನ್ನು ಕೊಟ್ಟಿಗೆಗೆ ಹೊಡೆದು ವಾರಗಳಾದವು. ಈಗ ಕಣ್ಣಿಗಿಂತ ಕೈಯನ್ನು ನಂಬಬೇಕು. ಚಳಿಗಾಲದ ಒತ್ತಾದ ಕೂದಲಿನಡಿಯಲ್ಲಿ ಸೊರಗಿದ ಹಸುವೂ ದುಂಡಗೆ ಕಾಣುತ್ತದೆ. ಬಾಲದ ಬುಡ, ಸೊಂಟದ ಮೂಳೆಗಳ ಮೇಲೆ ಬೆರಳೊತ್ತಿ ಒಂದರಿಂದ ಐದರವರೆಗೆ ಅಂಕ ಹಾಕುವುದು ಇಲ್ಲಿನ ಪದ್ಧತಿ. ಈಯುವ ಹೊತ್ತಿಗೆ ಎರಡೂವರೆಯ ಆಸುಪಾಸಿನಲ್ಲಿರಬೇಕು. ಗೌರಿ ಸರಿಯಾಗಿದ್ದಾಳೆ. ಕೆಂಪಿ ಮೂರೂವರೆ ಮುಟ್ಟಿದ್ದಾಳೆ. ಬರೀ ಒಣಹುಲ್ಲಿನಲ್ಲೂ ಮೈ ತುಂಬಿಕೊಳ್ಳುವುದು ಈ ತಳಿಯ ಗುಣ. ಹೆರಿಗೆದಾರಿಯಲ್ಲಿ ಕೊಬ್ಬು ತುಂಬಿದರೆ ಕರು ಹೊರಬರುವುದು ಕಷ್ಟ. ಆದರೂ ಕೊನೆಯ ತಿಂಗಳಲ್ಲಿ ಒಮ್ಮೆಲೇ ಮೇವು ಕಡಿಯುವಂತಿಲ್ಲ. ಈಗಿನಿಂದಲೇ ನಿಧಾನಕ್ಕೆ ಇಳಿಸಬೇಕು.

ಮಾರ್ಚ್ 9

ಗೌರಿ ಈದಳು. ಹೆಣ್ಣುಕರು.

ಎರಡು ವಾರದಿಂದ ಮೇವನ್ನು ಸಂಜೆಗೇ ಹಾಕುತ್ತಿದ್ದೆ. ಕೆನಡಾದ ಮ್ಯಾನಿಟೋಬಾದಲ್ಲಿ ಗಸ್ ಕೊನೆಫಾಲ್ ಎಂಬ ಹೆರೆಫೋರ್ಡ್ ಸಾಕಣೆದಾರ 1970ರ ದಶಕದಲ್ಲಿ ಕಂಡುಕೊಂಡ ಉಪಾಯ ಇದು: ರಾತ್ರಿ ತಿಂದ ಹಸುಗಳಲ್ಲಿ ಹೆಚ್ಚಿನವು ಹಗಲಲ್ಲಿ ಈಯುತ್ತವೆ. ಬೆಳಿಗ್ಗೆ ಏಳಕ್ಕೆ ಹೋದಾಗ ಗೌರಿ ಮೂಲೆ ಹಿಡಿದು ಬಾಲ ಎತ್ತಿ ನಿಂತಿದ್ದಳು. ಎಂಟು ಗಂಟೆಗೆ ನೀರುಚೀಲ ಒಡೆಯಿತು. ಕೈ ತೊಳೆದು, ಹಗ್ಗ ಕುದಿಸಿ ಇಟ್ಟು, ಬಾಗಿಲ ಹೊರಗೆ ಕೂತೆ. ಒಳಗೆ ಹೋಗಲಿಲ್ಲ, ಜನ ಹತ್ತಿರ ಸುಳಿದಷ್ಟೂ ಹಸು ತಿಣುಕುವುದನ್ನು ನಿಲ್ಲಿಸುತ್ತದೆ. ಎರಡು ಮುಂಗಾಲು ಕಂಡವು, ಗೊರಸಿನ ಅಡಿ ನೆಲದ ಕಡೆಗಿತ್ತು. ಹಾಗಿದ್ದರೆ ಕರು ಸರಿಯಾಗಿ ಕೂತಿದೆ. ಆಮೇಲೆ ಕಾಲಿನ ಮೇಲೆ ಒರಗಿದ ಮೂಗು, ಅದರಿಂದಾಚೆ ನಾಲಿಗೆಯ ತುದಿ. ನಾಲಿಗೆ ನೀಲಿಗಟ್ಟಿರಲಿಲ್ಲ. ಬಿಳಿ ಹಣೆ ಹೊರಬಂದದ್ದೇ ತಡ, ಉಳಿದದ್ದು ಒಂದೇ ತಿಣುಕಿಗೆ ಜಾರಿತು.

ಗೌರಿ ತಿರುಗಿ, ಗಂಟಲಿನೊಳಗೇ ಗುರುಗುಟ್ಟುತ್ತ ನೆಕ್ಕಲು ಶುರುಮಾಡಿದಳು. ಎಳೆಗರುವಿನ ಬಳಿಯಲ್ಲದೆ ಹಸು ಆ ಸದ್ದು ಮಾಡುವುದು ಅಪರೂಪ. ಹೊಕ್ಕುಳಿಗೆ ಅಯೋಡಿನ್ ಹಚ್ಚಿ ಹಿಂದೆ ಸರಿದೆ. ಕರು ಎದ್ದಿತು, ಬಿತ್ತು, ಎದ್ದಿತು; ಮುಂಗಾಲ ಸಂದಿಯಲ್ಲೆಲ್ಲ ಹುಡುಕಾಡಿ ಕೊನೆಗೆ ಮೊಲೆ ಹಿಡಿಯಿತು. ಮೊದಲ ಆರು ಗಂಟೆಯಲ್ಲಿ ಕುಡಿದ ಗಿಣ್ಣುಹಾಲೇ ಅದಕ್ಕೆ ರಕ್ಷೆ, ಹೊಟ್ಟೆಯಲ್ಲಿದ್ದಾಗ ತಾಯಿಯ ರಕ್ತದಿಂದ ರೋಗನಿರೋಧಕ ಶಕ್ತಿ ಕರುವಿಗೆ ಬಂದಿರುವುದಿಲ್ಲ. ಊರಲ್ಲಿ ಗಿಣ್ಣು ಮನೆಮನೆಗೂ ಹೋಗುತ್ತಿತ್ತು. ಇಲ್ಲಿ ಒಂದು ತೊಟ್ಟೂ ನಮಗಿಲ್ಲ. ಮಧ್ಯಾಹ್ನದೊಳಗೆ ಕಸವೂ ಬಿತ್ತು.

ಮಾರ್ಚ್ 23

ಕೆಂಪಿ ಭಾನುವಾರ ಗಂಡುಕರು ಹಾಕಿದ್ದಾಳೆ. ಹೆರಿಗೆ ಸಲೀಸಾಗಿಯೇ ಆಯಿತು. ಆದರೆ ಕೆಚ್ಚಲಿಗೆ ಹಾಲಿಳಿದಂತೆ ಹಿಂದಿನ ಎರಡು ಮೊಲೆ ಊದಿ ದಪ್ಪವಾಗಿವೆ. ಕರುವಿನ ಬಾಯಿಗೆ ನಾನೇ ಕೊಡಬೇಕಾಯಿತು. ಎರಡು ದಿನ ಕರೆದು ತಗ್ಗಿಸಿದ ಮೇಲೆ ತಾನೇ ಹಿಡಿಯುತ್ತಿದೆ.

ಕರು ಮಾತ್ರ ನೋಡಲು ರಾಜ. ಅಗಲ ಬೆನ್ನು, ನೇರ ಕಾಲು, ಎರಡೂ ಕಣ್ಣಿಗೆ ಕೆಂಪು ವರ್ತುಲ. ಗೂಳಿಯಾಗಿ ಬೆಳೆಸಿ ವಂಶಾವಳಿ ಹರಾಜಿಗೆ ಒಯ್ಯಿ, ಒಳ್ಳೆಯ ಗಿನಿ ಬರುತ್ತದೆ ಎಂದರು ಪಕ್ಕದ ಯಜಮಾನರು. (ಇಲ್ಲಿ ತಳಿದನದ ಹರಾಜು ಇನ್ನೂ ಗಿನಿಯಲ್ಲೇ ನಡೆಯುತ್ತದೆ, ಒಂದು ಪೌಂಡು ಐದು ಪೆನ್ನಿಗೆ ಒಂದು ಗಿನಿ. ಕೂಗಿದ ಬೆಲೆ ಎಲ್ಲರಿಗೂ ಕೇಳುತ್ತದೆ. ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ಟವೆಲಿನಡಿ ಬೆರಳು ಹಿಡಿದು ವ್ಯಾಪಾರ ಮಾಡುತ್ತಿದ್ದ ಅಪ್ಪನಿಗೆ ಇದು ರುಚಿಸಲಿಕ್ಕಿಲ್ಲ.) ತೀರ್ಮಾನಕ್ಕೆ ಹೆಚ್ಚು ದಿನವಿರಲಿಲ್ಲ. ರಬ್ಬರ್ ಉಂಗುರ ಹಾಕಿ ಬೀಜ ಒಣಗಿಸುವುದಾದರೆ ಹುಟ್ಟಿದ ಮೊದಲ ವಾರದೊಳಗೇ ಹಾಕಬೇಕು, ಆಮೇಲೆ ಕಾನೂನು ಬಿಡುವುದಿಲ್ಲ. ಇವತ್ತು ನೋವಿನ ಔಷಧಿ ಕೊಡಿಸಿ ಹಾಕಿಸಿದೆವು.

ಕೆಂಪಿಯ ಮೊಲೆ ನೋಡಿಯೇ ಹೀಗೆ ಮಾಡಿದ್ದು. ಒಂದು ಹಸು ತನ್ನ ಆಯುಷ್ಯದಲ್ಲಿ ಎಂಟು ಹತ್ತು ಕರು ಹಾಕಬಹುದು. ಗೂಳಿಯೊಂದು ಒಂದೇ ಬೇಸಿಗೆಯಲ್ಲಿ ಅದರ ಮೂರು ಪಟ್ಟು ಹುಟ್ಟಿಸುತ್ತದೆ. ಆ ಹೆಣ್ಣುಮಕ್ಕಳಲ್ಲಿ ಎಷ್ಟೋ ಅಜ್ಜಿಯ ಮೊಲೆಯನ್ನೇ ಹೊತ್ತು ಯಾರದೋ ಕೊಟ್ಟಿಗೆಯಲ್ಲಿ ಮಾರ್ಚಿನ ಚಳಿಯಲ್ಲಿ ಕರು ಹಸಿದು ನಿಲ್ಲುವಂತೆ ಮಾಡುತ್ತವೆ. ನನ್ನ ಹಿಂಡಿನ ಹೆಸರು ಹೊತ್ತು ಅಂಥ ಗೂಳಿ ಹೊರಗೆ ಹೋಗಬಾರದು. ಈ ಕರು ಎರಡು ವರ್ಷದ ಹೊತ್ತಿಗೆ ಮಾಂಸಕ್ಕೆ ಹೋಗುತ್ತದೆ. ಬರೆಯುವಾಗ ಕೈ ಭಾರವಾಗುತ್ತದೆ, ಆದರೂ ಬರೆದಿಡಬೇಕು.

ಏಪ್ರಿಲ್ 2

ಎರಡೂ ಕರುಗಳ ಕಿವಿಗೆ ಗುರುತಿನ ಓಲೆ ಆಗಲೇ ಹಾಕಿಸಿದ್ದೆ, ಇವತ್ತು ಅವುಗಳ ಪಾಸ್‌ಪೋರ್ಟಿಗೆ ಅರ್ಜಿ ಕಳಿಸಿದೆ. ಹುಟ್ಟಿದ ಇಪ್ಪತ್ತೇಳು ದಿನದೊಳಗೆ ಅರ್ಜಿ ಮುಟ್ಟದಿದ್ದರೆ ಆ ದನ ಮನುಷ್ಯರ ಆಹಾರಕ್ಕೆ ಸಲ್ಲುವುದಿಲ್ಲ. ಗೌರಿಯ ಮಗಳನ್ನು ಹರ್ಡ್‌ಬುಕ್ಕಿಗೆ ಸೇರಿಸಲೂ ಕೊಟ್ಟಾಯಿತು, ಹಿಂಡಿನ ಹೆಸರು ಬೆಳ್ಳೂರು. 1846ರಲ್ಲಿ ಈಟನ್ ಎಂಬವರು ಮೊದಲು ಅಚ್ಚುಹಾಕಿಸಿದ ಪುಸ್ತಕ ಅದು. 1886ರಲ್ಲಿ ಬಾಗಿಲು ಹಾಕಿದರು: ತಂದೆ ತಾಯಿ ಇಬ್ಬರ ಹೆಸರೂ ಆಗಲೇ ದಾಖಲಾಗಿರದ ಕರುವಿಗೆ ಅಂದಿನಿಂದ ಪ್ರವೇಶವಿಲ್ಲ. ಅಪ್ಪನ ಹೋರಿಗಳ ವಂಶ ಅಪ್ಪನ ಬಾಯಲ್ಲಿ ಮಾತ್ರ ಇದೆ. ಈ ಸಲ ಊರಿಗೆ ಹೋದಾಗ ಕೂತು ಬರೆದುಕೊಳ್ಳಬೇಕು.

ಎಳೆ ಹುಲ್ಲು ಬಂದಿದೆ. ಅದನ್ನು ಮೇಯುವ, ಹಾಲಿಳಿದ ಹಸುಗಳಿಗೆ ಮೆಗ್ನೀಸಿಯಂ ಕೊರತೆ ಬಿದ್ದರೆ ನಡುಗಿ ಬಿದ್ದು ಸಾಯುತ್ತವೆ. ಮೆಗ್ನೀಸಿಯಂ ಇರುವ ನೆಕ್ಕುವ ಬಕೆಟ್ ಇಟ್ಟಿದ್ದೇನೆ.

ಜೂನ್ 8

ಗೂಳಿ ಆರಿಸುವುದಕ್ಕೆ ವಸಂತವೆಲ್ಲ ಹಿಡಿಯಿತು. ಪಟ್ಟಿಯಲ್ಲಿ ಪ್ರತಿ ಗೂಳಿಗೂ ಅಂಕಿಗಳಿರುತ್ತವೆ: ಹುಟ್ಟುತೂಕ, ಹೆರಿಗೆಯ ಸಲೀಸು, ನಾನೂರು ದಿನದ ತೂಕ, ಹೆಣ್ಣುಮಕ್ಕಳ ಹಾಲು. ಹೆಚ್ಚಿನವರು ಬೆಳವಣಿಗೆಯ ಅಂಕಿಯತ್ತ ಓಡುತ್ತಾರೆ. ನಾನು ಹೆರಿಗೆ ಮತ್ತು ಹಾಲಿನ ಅಂಕಿ ಹಿಡಿದು ಕೆಲವನ್ನು ಉಳಿಸಿಕೊಂಡು, ಆನುವಂಶಿಕ ದೋಷಗಳ ಪರೀಕ್ಷೆ ಆಗಿರದವನ್ನು ಬಿಟ್ಟೆ. ಈ ತಳಿಯಲ್ಲಿ ಕೂದಲಿಲ್ಲದೆ ಹುಟ್ಟುವ, ಮೂರ್ಛೆರೋಗ ಹೊತ್ತು ಹುಟ್ಟುವ ದೋಷಗಳಿವೆ. ದೋಷವನ್ನು ಒಳಗೆ ಹೊತ್ತಿರುವ ಗೂಳಿ ನೋಡಲು ಚೆನ್ನಾಗಿಯೇ ಇರುತ್ತದೆ. ಹೊತ್ತಿರುವ ಎರಡು ಕೂಡಿದರೆ ನಾಲ್ಕರಲ್ಲಿ ಒಂದು ಕರುವಿಗೆ ಬರಬಹುದು. ಬಾಲದ ಕೂದಲು ಕಿತ್ತು ಕಳಿಸಿದರೆ ಗೊತ್ತಾಗುವ ವಿಷಯಕ್ಕೆ ಯಾಕೆ ಹಿಂಜರಿಯಬೇಕು?

ಕೊನೆಗೆ ಉಳಿದ ಒಂದರ ತಾಯಿಯನ್ನು ನೋಡಲು ಕಿಂಗ್ಟನ್ ಕಡೆಗೆ ಹೋಗಿಬಂದೆವು. ಹನ್ನೆರಡು ವರ್ಷದ ಮುದುಕಿ, ಈ ವರ್ಷವೂ ಈದಿದ್ದಾಳೆ. ಕೆಚ್ಚಲು ಕಡಸಿನಂತೆ ಗಟ್ಟಿಯಾಗಿದೆ. ಅಲ್ಲಿಯೇ ನಳಿಕೆ ಕೊಳ್ಳುವುದು ನಿಶ್ಚಯವಾಯಿತು.

ಜೂನ್ 15

ಗೌರಿ ನಿನ್ನೆ ಸಂಜೆ ಬೆದೆಗೆ ಬಂದಳು. ಚೆಲ್ವಿ ಮೈಮೇಲೆ ಹತ್ತಿದರೂ ಕದಲದೆ ನಿಂತಳು. ಸಂಜೆ ಕಂಡರೆ ಬೆಳಿಗ್ಗೆ, ಬೆಳಿಗ್ಗೆ ಕಂಡರೆ ಸಂಜೆ, ಅದೇ ಹಳೆಯ ಲೆಕ್ಕ. ಇವತ್ತು ಎಂಟಕ್ಕೆ ಕೃತಕ ಗರ್ಭಧಾರಣೆಯವರು ಬಂದು ನಳಿಕೆ ಕೊಟ್ಟುಹೋದರು. ಕಟ್ಟಿದರೆ ಮಾರ್ಚ್ ಕೊನೆಗೆ ಕರು. ಕೆಂಪಿಗೂ ಇದೇ ಗೂಳಿ. ಅವಳ ಮಕ್ಕಳಲ್ಲಿ ಮೊಲೆ ತಿದ್ದುವುದಾದರೆ ಇಂಥ ರಕ್ತದಿಂದಲೇ ಆಗಬೇಕು. ಹೆಣ್ಣಾದರೆ ಇಟ್ಟುಕೊಂಡು ನೋಡುತ್ತೇನೆ.

ಜೂನ್ 19

ಚೆಲ್ವಿಯೂ ಬೆದೆಗೆ ಬಂದಿದ್ದಾಳೆ. ಹದಿನೈದು ತಿಂಗಳು ತುಂಬಿದೆ, ಮನೆಯವರು ಈಗಲೇ ಕೊಡಿಸೋಣ ಎಂದರು. ತೂಕದ ಪಟ್ಟಿ ಎದೆಗೆ ಸುತ್ತಿ ನೋಡಿದರೆ ಮುನ್ನೂರ ಅರವತ್ತು ಕಿಲೋ. ತಾಯಿಯ ತೂಕದ ನೂರಕ್ಕೆ ಅರವತ್ತೈದಾದರೂ ಮುಟ್ಟಬೇಕು, ಅಂದರೆ ಇನ್ನೂ ಮೂವತ್ತು ಕಿಲೋ ಬೇಕು. ಸಣ್ಣ ಮೈಗೆ ಕರು ಕಟ್ಟಿಸಿದರೆ ಹೆರಿಗೆಯಲ್ಲೂ ಕಷ್ಟ, ಎರಡನೆಯ ಗಬ್ಬವೂ ಸುಲಭಕ್ಕೆ ನಿಲ್ಲುವುದಿಲ್ಲ. ಇಪ್ಪತ್ತೊಂದು ದಿನಕ್ಕೆ ಮತ್ತೆ ಬರುತ್ತಾಳೆ, ಜುಲೈ 10ರ ಸುಮಾರಿಗೆ. ಆಗಲೂ ಸಾಲದಿದ್ದರೆ ಅದರ ಮುಂದಿನ ಬೆದೆಗೆ. ಮೇಲಿನ ಹೊಲದ ಹುಲ್ಲು ಚೆನ್ನಾಗಿದೆ, ನಾಳೆ ಅಲ್ಲಿಗೆ ಬಿಡುತ್ತೇನೆ.