ಅಂಗಿಯ ಮೇಲಿನ ಗುಂಡಿ

ಬೆಂಗಳೂರು, ಬುಧವಾರ ರಾತ್ರಿ

ಪ್ರೀತಿಯ ಅಪ್ಪಯ್ಯ,

ಕೊಡಿ ಹಬ್ಬದ ಬೆಳಿಗ್ಗೆ ಕೋಟಿತೀರ್ಥ ಕೆರೆಯ ದಂಡೆಯಲ್ಲಿ ನೀವು ಬಿದ್ದದ್ದು ಇನ್ನೂ ನನ್ನ ಕಣ್ಣಲ್ಲಿದೆ. ಸುತ್ತಕ್ಕಿ ಹಾಕುತ್ತ ನಡೆಯುತ್ತಿದ್ದಿರಿ. ಹಿಂದಿನಿಂದ ಯಾರೋ ಕರೆದರು, ತಟ್ಟನೆ ಕುತ್ತಿಗೆ ಹೊರಳಿಸಿದಿರಿ, ಅಕ್ಕಿಯ ಚೀಲ ಕೈಜಾರಿತು. ಇನ್ನೆರಡು ಹೆಜ್ಜೆಗೆ ನೀರು. ಎಚ್ಚರವಾದ ಕೂಡಲೇ, ‘ಎಂತ ಆಯ್ಲಿಲ್ಲ ಮಗಾ, ಕಣ್ ಕತ್ಲಿ ಬಂತ್ ಅಷ್ಟೆ’ ಎಂದಿರಿ. ಖಾಲಿ ಹೊಟ್ಟೆ ಕಾರಣವೆಂದು ಎಲ್ಲರೂ ಒಪ್ಪಿಕೊಂಡೆವು.

ನಿನ್ನೆ ಅಬ್ಬಿ ಫೋನಿನಲ್ಲಿ ಇನ್ನೆರಡು ಸಲ ಹೀಗಾದದ್ದನ್ನೂ ಹೇಳಿದಳು. ದವಡೆಯ ಕೆಳಗೆ ಗಡ್ಡ ಹೆರೆಯುವಾಗ ಕುಸಿದದ್ದು. ಮದುವೆಗೆ ಹೊರಟು ಅಂಗಿಯ ಮೇಲಿನ ಗುಂಡಿ ಹಾಕುತ್ತಲೇ ಗೋಡೆ ಹಿಡಿದು ಕೂತದ್ದು. ಮೂರೂ ಸಲ ಕುತ್ತಿಗೆಯೇ, ಅಪ್ಪಯ್ಯ! ಇಸಿಜಿ, ಸಕ್ಕರೆ, 24 ಗಂಟೆಯ ಹೋಲ್ಟರ್ ಎಲ್ಲ ಸರಿಯಿದೆಯೆಂದು ನಾವು ಸುಮ್ಮನಾದೆವು. ಹೋಲ್ಟರ್ ಕಟ್ಟಿದ ದಿನ ನೀವು ಬೀಳಲೇ ಇಲ್ಲ, ಯಂತ್ರಕ್ಕೆ ಏನು ಸಿಗಬೇಕು?

ದವಡೆಯ ಮೂಲೆಯ ಕೆಳಗೆ, ಕೆರೋಟಿಡ್ ಧಮನಿ ಕವಲೊಡೆಯುವಲ್ಲಿ ಒಂದು ಸಣ್ಣ ಉಬ್ಬಿದೆ. ರಕ್ತದೊತ್ತಡ ಏರಿದರೆ ಅಲ್ಲಿನ ನರತುದಿಗಳು ಮಿದುಳಿಗೆ ತಿಳಿಸುತ್ತವೆ. ಮಿದುಳು ಎದೆಬಡಿತ ಇಳಿಸಿ ರಕ್ತನಾಳಗಳನ್ನು ಸಡಿಲಿಸುತ್ತದೆ. ಕೆಲವರಿಗೆ, ಹೆಚ್ಚಾಗಿ ವಯಸ್ಸಾದ ಗಂಡಸರಿಗೆ, ಆ ಜಾಗ ಅತಿಸೂಕ್ಷ್ಮ. ಕಾಲರ್ ಬಿಗಿಯಾದರೂ ಸಾಕು, ಹೃದಯ ಕೆಲವು ಸೆಕೆಂಡು ನಿಂತುಬಿಡಬಹುದು. ಹೀಗೆ ಮೂರ್ಛೆ ಹೋಗುವವರ ಬಗ್ಗೆ ಅಮೆರಿಕದ ಸೋಮಾ ವೈಸ್ ಮತ್ತು ಜೇಮ್ಸ್ ಬೇಕರ್ 1933ರಲ್ಲೇ ಬರೆದಿದ್ದಾರೆ.

ಪರೀಕ್ಷೆಯೆಂದರೆ ಆ ಜಾಗವನ್ನೇ ಬೆರಳಿನಿಂದ ಒತ್ತಿ ನೋಡುವುದು. ಮೊದಲು ಕುತ್ತಿಗೆಗೆ ಸ್ಟೆತಸ್ಕೋಪ್ ಇಟ್ಟು ಕೇಳುತ್ತಾರೆ. ಧಮನಿಯಲ್ಲಿ ಸುಯ್ ಎಂಬ ಸದ್ದಿದ್ದರೆ, ಅಥವಾ ಇತ್ತೀಚೆಗೆ ಪಾರ್ಶ್ವವಾಯು ಆಗಿದ್ದರೆ, ಒತ್ತುವುದಿಲ್ಲ. ಇಸಿಜಿ ಓಡುತ್ತಿರುವಾಗ, ಪ್ರತಿ ಬಡಿತದ ರಕ್ತದೊತ್ತಡವನ್ನೂ ಗಮನಿಸುತ್ತ, ಒಂದೊಂದೇ ಬದಿಗೆ 5ರಿಂದ 10 ಸೆಕೆಂಡು. ಮಲಗಿಸಿ ಒಮ್ಮೆ, ಹಲಗೆ ಎತ್ತಿ ನಿಲ್ಲಿಸಿ ಇನ್ನೊಮ್ಮೆ. ನಿಂತಾಗಷ್ಟೇ ಸಿಕ್ಕಿಬೀಳುವುದೂ ಉಂಟು. ಬಡಿತ 3 ಸೆಕೆಂಡು ನಿಂತರೆ, ಅಥವಾ ಮೇಲಿನ ಒತ್ತಡ 50 ಇಳಿದರೆ, ಜಾಗ ಸೂಕ್ಷ್ಮವೆಂದು ಅರ್ಥ. ಆದರೆ ವಯಸ್ಸಾದ ಅನೇಕರಲ್ಲಿ ಮೂರ್ಛೆಯೇ ಇಲ್ಲದೆಯೂ ಹೀಗಿರುತ್ತದಂತೆ. ಹಾಗಾಗಿ ನಿಮಗೆ ಬರುವ ಅದೇ ಕತ್ತಲೆ ಅಲ್ಲಿಯೂ ಬಂತೇ ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಹೇಳಬೇಕಾದವರು ನೀವು. ದಯವಿಟ್ಟು ಅಲ್ಲಿಯೂ ‘ಎಂತ ಆಯ್ಲಿಲ್ಲ’ ಎನ್ನಬೇಡಿ. ಕೆರೆಯ ದಂಡೆ, ರೇಜರ್, ಗುಂಡಿ, ಮೂರನ್ನೂ ಹೇಳಿ.

ಹೃದಯ ನಿಲ್ಲುವುದೇ ಕಾರಣವೆಂದು ಖಚಿತವಾದರೆ ಪೇಸ್‌ಮೇಕರ್ ಹಾಕಬಹುದು. ಒತ್ತಡ ಮಾತ್ರ ಇಳಿಯುತ್ತಿದ್ದರೆ ಅದರಿಂದ ಅಷ್ಟು ಪ್ರಯೋಜನವಿಲ್ಲ, ದಾರಿ ಬೇರೆ. ನನಗೆ ಯಾವುದರ ಹೆದರಿಕೆಯೂ ಇಲ್ಲ. ಆ ಎರಡು ಹೆಜ್ಜೆಯ ಹೆದರಿಕೆ ಮಾತ್ರ.

ಮನೆಯಲ್ಲಿ ಯಾರೂ ನಿಮ್ಮ ಕುತ್ತಿಗೆ ಒತ್ತಿ ನೋಡಬಾರದು, ನೀವೂ ಸಹ. ಸ್ಕೂಟರಿನ ಕೀಲಿ ಅಬ್ಬಿಯ ಹತ್ತಿರ ಇರಲಿ. ಬಾವಿಕಟ್ಟೆಗೆ ಹೋಗಬೇಡಿ. ಗಡ್ಡ ಬೆಳೆದರೆ ಬೆಳೆಯಲಿ.

ಶನಿವಾರ ಬೆಳಿಗ್ಗೆ ಬಸ್ಸಿಳಿಯುತ್ತೇನೆ. ಸೋಮವಾರ ಪರೀಕ್ಷೆಗೆ ಮಣಿಪಾಲಕ್ಕೆ ಹೋಗುವ. ನಿಮ್ಮ ಬಿಳಿ ಅಂಗಿಯನ್ನೇ ಹಾಕಿಕೊಳ್ಳಿ, ಮೇಲಿನ ಗುಂಡಿ ಬಿಟ್ಟು.

ನಿಮ್ಮ ಮಗಳು