ಕರಡಿ ಭರಣಿಯೂ ಕಡಲಿನ ಹೊತ್ತೂ

ಈ ಸರ್ತಿ ಕ್ಯಾಲಿಫೋರ್ನಿಯಕ್ಕೆ, ಮಗಳ ಮನೆಗೆ, ಬಂದ ಮತ್ತೆ ಎನಗೆ ಸಿಕ್ಕಿದ ದೊಡ್ಡ ಕೆಲಸ ಹೇಳಿರೆ ಬುತ್ತಿ ಕಟ್ಟುದು. ಮಗಳೂ ಅಳಿಯನೂ ಲಾಸ್ಟ್ ಕೋಸ್ಟ್ ಹೇಳ್ತ ಕಡಲಕರೆ ದಾರಿಲಿ ನಡವಲೆ ಹೆರಟಿದವು. ಡೇರೆ, ಒಲೆ, ಹಸೆ, ಊಟ ಎಲ್ಲ ಬೆನ್ನಿನ ಚೀಲಲ್ಲೇ. ಮಟ್ಟೋಲ್ ಹೊಳೆ ಕಡಲು ಸೇರ್ತಲ್ಲಿಂದ ಬ್ಲ್ಯಾಕ್ ಸ್ಯಾಂಡ್ಸ್ ಬೀಚಿನವರೆಗೆ ಸುಮಾರು 40 ಕಿಲೋಮೀಟರು. ನಡುಕೆ ಅಂಗಡಿ ಇಲ್ಲೆ, ಫೋನಿಂಗೆ ಸಿಗ್ನಲ್ ಇಲ್ಲೆ. ಗುಡ್ಡೆ ಸೀದಾ ಕಡಲಿಂಗೇ ಇಳಿವ ಕಾರಣ, ಕರೆಲೇ ಬಪ್ಪ ಹೆದ್ದಾರಿ 1ರ ಕೂಡಾ ಅಲ್ಲಿ ಒಳನಾಡಿಂಗೆ ತಿರುಗುಸಿದ್ದವಡ. ಪರ್ಮಿಟ್ ಇಲ್ಲದ್ದೆ ಅಲ್ಲಿ ಇರುಳು ಉಳಿವಲಾಗ. ಮಗಳು ತಿಂಗಳುಗಟ್ಲೆ ಮದಲೇ ತೆಗದ್ದು, ಹಾಂಗಾಗಿ ಹೆರಡುವ ದಿನ ಬದಲುಸುವ ಹಾಂಗಿಲ್ಲೆ.

ಬುತ್ತಿಯನ್ನೂ ಮನಸ್ಸಿಂಗೆ ಬಂದ ಹಾಂಗೆ ಕಟ್ಟುವ ಹಾಂಗಿಲ್ಲೆ. ಅಲ್ಲಿ ಕರಡಿ ಇದ್ದು. ಕರಡಿಗೆ ತೆಗವಲೆಡಿಯದ್ದ ಗಟ್ಟಿ ಪ್ಲಾಸ್ಟಿಕ್ ಡಬ್ಬಿ ಕಡ್ಡಾಯ. ನಮ್ಮ ಉಪ್ಪಿನಕಾಯಿ ಭರಣಿಯ ಹಾಂಗೆ ಹೊಟ್ಟೆ ಇಪ್ಪದು, ಖಾಲಿ ಡಬ್ಬಿಯೇ ಒಂದು ಕಿಲೋಂದ ಮೇಲೆ. ಆನು ಅದಕ್ಕೆ ಕರಡಿ ಭರಣಿ ಹೇಳಿ ಹೆಸರು ಮಡಗಿದ್ದೆ. ಊಟ ಮಾಂತ್ರ ಅಲ್ಲ, ಪರಿಮ್ಮಳ ಬಪ್ಪದೆಲ್ಲ ಅದರೊಳವೇ ಹೋಯೆಕ್ಕು. ಹಲ್ಲು ತಿಕ್ಕುವ ಪೇಸ್ಟು, ಸಾಬೂನು, ಮೋರೆಗೆ ಕಿಟ್ಟುವ ಕ್ರೀಮು ಕೂಡಾ.

ಹಾಂಗಾಗಿ ತೂಕಂದ ಹೆಚ್ಚು ಜಾಗೆದೇ ಲೆಕ್ಕ. ಹೊದಳು ಹಗುರ, ಆದರೆ ಅರ್ಧ ಭರಣಿ ಅದುವೇ ತುಂಬುಗು. ದಪ್ಪ ಅವಲಕ್ಕಿಯ ಹೊರುದು, ಮಿಕ್ಸಿಲಿ ತರಿ ಮಾಡಿ, ಬೆಲ್ಲದ ಹೊಡಿ, ಏಲಕ್ಕಿ ಸೇರ್ಸಿ ಒತ್ತಿ ತುಂಬುಸಿದೆ. ಬೆಶಿನೀರು ಎರದರೆ ಉದಿಯಪ್ಪಗಾಣ ಕಾಪಿಗೆ ಆತು. ರವೆಯ ತುಪ್ಪಲ್ಲಿ ಹೊರುದು, ಸಾಸಮೆ, ಬೇನ್ಸೊಪ್ಪು, ಗೇರುಬೀಜದ ಒಗ್ಗರಣೆ ಬೆರುಸಿದೆ. ಅಕ್ಕಿ ಬೇಶುಲೆ ಆ ಸಣ್ಣ ಗ್ಯಾಸು ಸಾಲ. ಹಾಂಗಾಗಿ ಅಶನವನ್ನೂ ಹೆಸರುಬೇಳೆಯನ್ನೂ ಮನೆಲೇ ಬೇಶಿ, ಓವನಿಲಿ ಸಣ್ಣ ಬೆಶಿಲಿ ಒಣಗ್ಸಿ, ಸಾರಿನ ಹೊಡಿ ಸೇರ್ಸಿದೆ. ಉಪ್ಪಿನಕಾಯಿ ಬೇಡ, ಎಣ್ಣೆ ಅರಿಗು ಹೇಳಿತ್ತು ಮಗಳು. ಅದರ ಬದಲು ಮಾಂಬಳ. ಚಪ್ಪಟೆ, ಹಾಳಾವ್ತಿಲ್ಲೆ, ಭರಣಿಯ ಕರೆಲಿ ನಿಂಗು.

(ಎರಡಕ್ಕೆ ಎಲ್ಲಿಗೆ ಹೋಪದು ಹೇಳಿ ನಿಂಗೊ ಕೇಳುಗು ಹೇಳಿ ಗೊಂತಿದ್ದು. ಉಬ್ಬರದ ನೀರು ಬಪ್ಪ ಚೆಂಡಿ ಹೊಯಿಗೆಲಿ ಗುಂಡಿ ತೋಡೆಕ್ಕು, ಕಾಗದವ ವಾಪಾಸು ಹೊತ್ತುಗೊಂಡೇ ಬರೆಕ್ಕು.)

ಎನಗೆ ಕರಡಿಂದ ಹೆಚ್ಚು ಹೆದರಿಕೆ ಆದ್ದು ಕಡಲಿಂದು. ಎರಡು ಕಡೆಲಿ, ಸೀ ಲಯನ್ ಗಲ್ಚಿಂದ ರಾಂಡಲ್ ಕ್ರೀಕಿನವರೆಗೆ ಒಂದು, ಮಿಲ್ಲರ್ ಫ್ಲ್ಯಾಟಿಂದ ಗಿಚೆಲ್ ಕ್ರೀಕಿನವರೆಗೆ ಇನ್ನೊಂದು, ಉಬ್ಬರದ ನೀರು ಗುಡ್ಡೆಯ ಬುಡಕ್ಕೇ ಬಡಿತ್ತು. ಒಂದೊಂದೂ ಆರು-ಆರೂವರೆ ಕಿಲೋಮೀಟರು. ಇಳಿತಲ್ಲೇ ದಾಂಟೆಕ್ಕು. ನಡುಕೆ ಸಿಕ್ಕಿಬಿದ್ದರೆ ಒಂದು ಹೊಡೆಲಿ ನೀರು, ಇನ್ನೊಂದು ಹೊಡೆಲಿ ಹತ್ತುಲೆಡಿಯದ್ದ ಗುಡ್ಡೆ.

ಎನ್ನ ಅಪ್ಪನ ಮನೆ ಕುಂಬ್ಳೆ ಹೊಳೆಯ ಕರೆಲಿ. ಸಣ್ಣಾದಿಪ್ಪಗ ಎಂಗೊಗೆ ದೋಣಿಯ ಹೊತ್ತು ಗೊಂತಾಗಿಂಡಿದ್ದದು ಗಡಿಯಾರ ನೋಡಿ ಅಲ್ಲ, ನೀರು ನೋಡಿ. ನಿನ್ನೆಂದ ಇಂದು ಸುಮಾರು ಐವತ್ತು ನಿಮಿಷ ತಡವು. ಇಲ್ಲಿಯಾಣ ಕಡಲಿಂಗೂ ಅದೇ ಚಂದ್ರ ಅಲ್ಲದಾ?

ಅಳಿಯಂಗೆ ಸೋಮವಾರ ಒಂದೇ ರಜೆ. ಶನಿವಾರ ಸುರು ಮಾಡಿ ಸೋಮವಾರ ಮುಗುಶುದು ಹೇಳಿ ಅವರ ಲೆಕ್ಕ. ಸುಮಾರು ಜನ ಹಾಂಗೇ ಮಾಡ್ತವಡ. ಆದರೆ ಪಟ್ಟಿ ನೋಡಿರೆ ಶನಿವಾರದ ಇಳಿತ 9.30ಕ್ಕೆ. ಕಾರಿನ ತೆಂಕ ಕೊಡಿಲಿ ಬಿಟ್ಟು, ಬಾಡಿಗೆ ವ್ಯಾನಿಲಿ ಎರಡು ಗಂಟೆ ಸುತ್ತಿ ಬಡಗ ಕೊಡಿಗೆ ಎತ್ತುಗ ಹತ್ತೂವರೆ. (ಗಾಳಿ ಬಡಗಂದ ಬೀಸುತ್ತು, ಹಾಂಗಾಗಿ ಬಡಗಂದ ತೆಂಕಕ್ಕೆ ನಡವದು.) ಅಲ್ಲಿಂದ ಸೀ ಲಯನ್ ಗಲ್ಚಿಂಗೆ ಏಳು ಕಿಲೋಮೀಟರು. ಅಳಿಯ ಗಂಟೆಗೆ ನಾಲ್ಕು ಕಿಲೋಮೀಟರು ಹಿಡುದ್ದವು. ಉರುಟು ಕಲ್ಲಿಲಿ, ಹೊಯಿಗೆಲಿ, ಹೊರೆ ಹೊತ್ತು ಎರಡು ನಡದರೆ ದೊಡ್ಡದು. ಅಂಬಗ ಅಲ್ಲಿಗೆ ಎತ್ತುಗ ಮಧ್ಯಾಹ್ನ ಎರಡು ಗಂಟೆ ಅಕ್ಕು, ನೀರು ಏರಿಗೊಂಡಿಕ್ಕು.

ಅತ್ತೆ ಅಳಿಯಂಗೆ ಬುದ್ಧಿ ಹೇಳುದು ನಮ್ಮಲ್ಲಿ ಚೆಂದ ಕಾಣ್ತಿಲ್ಲೆ. ಮಗಳತ್ರೆ ಹೇಳಿರೆ ಅವಿಬ್ರ ನಡುಕೆ ಮಾತಕ್ಕು. ಆನು ಕ್ಯಾಲೆಂಡರಿನ ಹಳೆ ಪುಟದ ಹಿಂದೆ ನಾಲ್ಕು ಗೆರೆ ಬರದೆ: ಶನಿ 9.30, ಆದಿತ್ಯ 10.20, ಸೋಮ 11.10, ಮಂಗಳ 12. ಶನಿವಾರ ಗಲ್ಚಿಂದ ಇತ್ಲಾಗಿಯೇ ನಿಂಬದು, ಆದಿತ್ಯವಾರ ನೀರು ಇಳಿವಗಳೇ ಹೆರಟು ಮದಲಾಣದ್ದರ ದಾಂಟುದು, ಸೋಮವಾರ ಮಿಲ್ಲರ್ ಫ್ಲ್ಯಾಟು, ಮಂಗಳವಾರ ಎರಡ್ನೇದು. ಮಂಗಳವಾರದ ಎದುರು ಒಂದು ಪ್ರಶ್ನೆ ಚಿಹ್ನೆ ಹಾಕಿ ಫ್ರಿಜ್ಜಿಂಗೆ ಅಂಟುಸಿದೆ.

ಎರಡು ದಿನ ಅಳಿಯ ಎಂತದೂ ಹೇಳಿದ್ದವಿಲ್ಲೆ. ಹಾಲು ತೆಗವಗ ನೋಡುಗು, ಹೋಕು. ಮೂರ್ನೇ ದಿನ, “ಅತ್ತೆ, ಗಂಟೆಗೆ ಎರಡೇ ಕಿಲೋಮೀಟರೋ?” ಕೇಳಿದವು.

“ಹೊರೆ ಹೊತ್ತು ಹೊಯಿಗೆಲಿ ನಡದು ಗೊಂತಿದ್ದೋ ನಿಂಗೊಗೆ?” ಕೇಳಿದೆ ಆನು.

ನೆಗೆ ಮಾಡಿದವು. ಮಂಗಳವಾರ ಆಫೀಸಿಲಿ ದೊಡ್ಡ ಮೀಟಿಂಗಡ. ಆ ಇರುಳು ಲ್ಯಾಪ್‌ಟಾಪಿನ ಎದುರು ಸುಮಾರು ಹೊತ್ತು ಕೂದವು. ಉದಿಯಪ್ಪಗ ನೋಡಿರೆ ಆ ಪ್ರಶ್ನೆ ಚಿಹ್ನೆಗೆ ಗೆರೆ ಎಳದಿತ್ತು.

ದಿನ ಒಂದು ಹೆಚ್ಚಾತನ್ನೆ, ಎರಡೂ ಭರಣಿಯ ಪುನಾ ಖಾಲಿ ಮಾಡಿದೆ. ಮಗಳು ಆಶೆಗೆ ಹೇಳಿ ಹಾಕಿಗೊಂಡ ಎರಡು ಮುಷ್ಟಿ ಹೊದಳಿನ ಹೆರ ತೆಗದೆ. ಇಳಿತಲ್ಲಿಯೂ ತೆರೆ ದೊಡ್ಡ ಇದ್ದರೆ ದಾಂಟುಲಾಗ, ಅಲ್ಲೇ ಕೂರೆಕ್ಕು. ಅದಕ್ಕೆ ಬೇಕಾಗಿ ಒಂದು ದಿನದ ರವೆ ಬೇರೆ ಕಟ್ಟಿದೆ.

ಉಪಗ್ರಹದ ಮೂಲಕ ಮೆಸೇಜು ಕಳ್ಸುವ ಸಣ್ಣ ಯಂತ್ರ ಒಂದಿದ್ದು. ಅದರಲ್ಲಿ ಮದಲೇ ಬರದು ಮಡಗಿದ ಮಾತಿನ ಒಂದು ಒತ್ತಿಲಿ ಕಳ್ಸುಲಕ್ಕು. ಮಗಳು ಎನಗೆ ಬೇಕಾಗಿ ಒಂದು ಬರದ್ದು: “ದಾಂಟಿ ಆತು.” ಆದಿತ್ಯವಾರ ಒಂದು ಸರ್ತಿ, ಮಂಗಳವಾರ ಒಂದು ಸರ್ತಿ ಬರೆಕ್ಕು.