ತಾಳವಾಡಿಯಲ್ಲಿ ಒಂದು ಕಾವಲಿನ ರಾತ್ರಿ

ಬೆಟ್ಟ ನೋಡಬೇಕೆಂದರೆ ಊಟಿಗೋ ಕೊಡಗಿಗೋ ಹೋಗುವುದು ನಮ್ಮ ಕಡೆಯ ರೂಢಿ. ಚಾಮರಾಜನಗರ ದಾಟಿ ಸ್ವಲ್ಪ ದೂರದಲ್ಲೇ ಇರುವ ತಾಳವಾಡಿಯ ಬೆಟ್ಟಗಳು ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಕಳೆದ ವರ್ಷ ನವೆಂಬರ್ ತಿಂಗಳ ಕೊನೆಯ ವಾರ, ಕ್ರಿಸ್ಮಸ್ ಸಿದ್ಧತೆಯ ಗಡಿಬಿಡಿ ಶುರುವಾಗುವ ಮೊದಲು ಮೂರು ದಿನ ಬಿಡುವು ಮಾಡಿಕೊಂಡು ನಾವು ಅಲ್ಲಿಗೆ ಹೊರಟೆವು. ಒಂಬತ್ತು ಜನ, ಆರು ಬೈಕು. ಗುರುಮಠದಲ್ಲಿ ಒಟ್ಟಿಗೆ ಓದಿದ ಇಬ್ಬರು ಗುರುಗಳು, ಯುವಕ ಸಂಘದ ಐವರು, ಒಬ್ಬರು ಶಾಲಾ ಮೇಷ್ಟ್ರು, ಕೊನೆಯದಾಗಿ ಅರವತ್ತು ದಾಟಿದ ನಿವೃತ್ತ ಬಸ್ ಚಾಲಕರು. ಗಾಡಿಗಳಲ್ಲಿ ಹೊಸ ಬುಲೆಟ್‌ನಿಂದ ಹಿಡಿದು ಹದಿನೆಂಟು ವರ್ಷದ ಸ್ಪ್ಲೆಂಡರ್ ತನಕ ಎಲ್ಲವೂ ಇದ್ದವು. ಸ್ಪ್ಲೆಂಡರ್ ಚಾಲಕರದು. ಮೂರು ದಿನದಲ್ಲಿ ಒಮ್ಮೆಯೂ ಕೈಕೊಡದ ಗಾಡಿ ಅದೊಂದೇ ಎಂಬುದನ್ನು ಇಲ್ಲಿ ದಾಖಲಿಸದಿದ್ದರೆ ಅವರು ನಮ್ಮನ್ನು ಸುಮ್ಮನೆ ಬಿಡುವುದಿಲ್ಲ!

ಎರಡು ಗುಡಾರಗಳನ್ನು ಮೈಸೂರಿನಲ್ಲೇ ಬಾಡಿಗೆಗೆ ತಂದಿದ್ದೆವು. ಕಾಡಿನ ನಡುವೆ ಗುಡಾರ ಹಾಕಿ, ಬೆಂಕಿ ಹೊತ್ತಿಸಿ, ಗಿಟಾರ್ ನುಡಿಸುವುದು ಹುಡುಗರ ಕನಸಾಗಿತ್ತು. ಅದು ಸಾಧ್ಯವಿರಲಿಲ್ಲ. ತಾಳವಾಡಿಯ ಸುತ್ತಲಿನ ಕಾಡು 2013ರಿಂದ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ಭಾಗ. ವಿಸ್ತೀರ್ಣ 1,400 ಚದರ ಕಿಲೋಮೀಟರಿಗೂ ಹೆಚ್ಚು. ಒಂದು ಕಡೆ ನಮ್ಮ ಬಿಳಿಗಿರಿರಂಗನ ಬೆಟ್ಟದ ಕಾಡು, ಇನ್ನೊಂದು ಕಡೆ ಮುದುಮಲೆ, ಬಂಡೀಪುರ. ಪೂರ್ವಘಟ್ಟ ಪಶ್ಚಿಮಘಟ್ಟಗಳು ಕೈಕೈ ಹಿಡಿಯುವ ಜಾಗ ಇದು. ನೀಲಗಿರಿಯ ತಪ್ಪಲಿನಿಂದ ಕೊಳ್ಳೇಗಾಲದ ಬೆಟ್ಟಗಳ ಕಡೆಗೆ ಆನೆಗಳು ಓಡಾಡುವುದು ಈ ದಾರಿಯಲ್ಲೇ. ಅಲ್ಲಿ ರಾತ್ರಿ ತಂಗಲು ಅಪ್ಪಣೆ ಇಲ್ಲ, ಇರಬಾರದು ಕೂಡ. ಆದ್ದರಿಂದ ಮೇಷ್ಟ್ರ ಪರಿಚಯದ ಒಬ್ಬ ರೈತರ ಹೊಲದಲ್ಲಿ ಗುಡಾರ ಹಾಕುವುದೆಂದು ತೀರ್ಮಾನವಾಯಿತು.

ನಂಜನಗೂಡು, ಚಾಮರಾಜನಗರ ದಾಟಿ ತಾಳವಾಡಿ ಕಡೆ ತಿರುಗಿದಾಗ ಬೆಳಗಿನ ಹತ್ತು ಗಂಟೆ. ರಾಜ್ಯದ ಗಡಿ ಎಲ್ಲಿ ದಾಟಿದೆವೆಂದು ಗೊತ್ತಾದದ್ದು ಬೋರ್ಡುಗಳ ಲಿಪಿ ಬದಲಾದಾಗ. ಮಾತು ಮಾತ್ರ ಬದಲಾಗಲಿಲ್ಲ. ಚಹಾ ಅಂಗಡಿಯಲ್ಲಿ, ಪಂಕ್ಚರ್ ಅಂಗಡಿಯಲ್ಲಿ, ಬಸ್ಸಿಗೆ ಕಾಯುತ್ತಿದ್ದ ಅಜ್ಜಿಯ ಬಾಯಲ್ಲಿ ಚಾಮರಾಜನಗರದ ಅದೇ ಕನ್ನಡ. ಮೊದಲು ಇದೆಲ್ಲ ಮೈಸೂರು ದೊರೆಗಳ ಸೀಮೆ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಇಂಗ್ಲಿಷರು ಇದನ್ನು ತೆಗೆದುಕೊಂಡು ಮದ್ರಾಸು ಪ್ರಾಂತ್ಯದ ಕೊಯಮತ್ತೂರಿಗೆ ಸೇರಿಸಿದರು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು, ತಾಳವಾಡಿ ಅಲ್ಲೇ ಉಳಿಯಿತು. 1979ರಲ್ಲಿ ಜಿಲ್ಲೆ ಒಡೆದಾಗ ಈರೋಡಿನ ಪಾಲಿಗೆ ಬಂದು, 2016ರಲ್ಲಿ ಪ್ರತ್ಯೇಕ ತಾಲ್ಲೂಕೂ ಆಯಿತು.

ನಮ್ಮ ಓದುಗರಿಗೆ ಇನ್ನೊಂದು ವಿಷಯ ಹೇಳಬೇಕು. ಹದಿನೇಳನೆಯ ಶತಮಾನದಲ್ಲಿ ಮೈಸೂರು ಮಿಷನ್ನಿನ ಯೇಸುಸಭೆಯ ಗುರುಗಳು ಶ್ರೀರಂಗಪಟ್ಟಣದ ಸೀಮೆಯಿಂದ ಸತ್ಯಮಂಗಲದವರೆಗೂ ಸೇವೆ ಮಾಡುತ್ತಿದ್ದರು. ನಾವು ಬೈಕಿನಲ್ಲಿ ಹೋಗಿ ಸೊಂಟ ಹಿಡಿದುಕೊಂಡ ಈ ಬೆಟ್ಟಸಾಲನ್ನು ದಾಟಲು ಅವರಿಗೆ ಇದ್ದದ್ದು ಕಾಲುದಾರಿ. 1955ರಲ್ಲಿ ಮೈಸೂರಿನಿಂದ ಬೇರ್ಪಡಿಸಿ ಊಟಿ ಧರ್ಮಕ್ಷೇತ್ರ ಮಾಡುವ ತನಕ ಈ ಕಡೆಯವರೆಲ್ಲ ನಮ್ಮ ಧರ್ಮಕ್ಷೇತ್ರದವರೇ.

ದಾರಿಯಲ್ಲಿ ಗುಮಟಾಪುರ ಸಿಕ್ಕಿತು. ದೀಪಾವಳಿ ಮುಗಿದ ಮಾರನೆಯ ದಿನ ಬೀರೇಶ್ವರ ದೇವಸ್ಥಾನದ ಬಳಿ ಊರ ಗಂಡಸರೆಲ್ಲ ಸೇರಿ ಸಗಣಿಯನ್ನು ಗುಡ್ಡೆ ಹಾಕಿ ಒಬ್ಬರ ಮೇಲೊಬ್ಬರು ಎರಚಾಡುವ ಗೊರೆಹಬ್ಬ ನಡೆಯುವುದು ಇಲ್ಲೇ. ನಾವು ಹೋದಾಗ ಹಬ್ಬ ಆಗಿಹೋಗಿತ್ತು. ನಮ್ಮ ಹುಡುಗರಿಗೆ ಇದರಿಂದ ಆದ ನಿರಾಸೆ ಅಷ್ಟಿಷ್ಟಲ್ಲ. ಆಮೇಲೆ ದೊಡ್ಡಗಾಜನೂರು. ವರನಟ ರಾಜ್‌ಕುಮಾರ್ ಅವರ ಊರು. ಇಪ್ಪತ್ತೆರಡು ವರ್ಷದ ಹುಡುಗರಿಗೆ 2000ದ ಜುಲೈ 30ರ ರಾತ್ರಿ ಮೊಬೈಲಿನಲ್ಲಿ ನೋಡಿದ ಹಳೆಯ ಸುದ್ದಿ ಮಾತ್ರ. ವೀರಪ್ಪನ್ ಇಲ್ಲಿಂದ ಅವರನ್ನು ಕಾಡಿಗೆ ಕರೆದೊಯ್ದ ಮೇಲೆ ಬಸ್ಸುಗಳು ನಿಂತದ್ದು, 108 ದಿನ ಇಡೀ ಕರ್ನಾಟಕ ರೇಡಿಯೊ ಮುಂದೆ ಕೂತದ್ದು ಅವರು ಕಂಡದ್ದಲ್ಲ. ನಮ್ಮ ಚಾಲಕರು ಆ ದಿನಗಳಲ್ಲಿ ಗಡಿ ಭಾಗದ ಬಸ್ಸು ಓಡಿಸುತ್ತಿದ್ದವರು. ಹೆಲ್ಮೆಟ್ ತೆಗೆದು ಊರಿನ ಕಡೆ ನೋಡುತ್ತಾ ಸ್ವಲ್ಪ ಹೊತ್ತು ಮಾತಾಡದೆ ನಿಂತರು. 2004ರ ಅಕ್ಟೋಬರ್‌ನಲ್ಲಿ ವೀರಪ್ಪನ್ ಹತನಾದ ಮೇಲೂ ಈ ಬೆಟ್ಟಗಳ ಹೆಸರಿನ ಜೊತೆ ಅವನ ಹೆಸರು ಅಂಟಿಕೊಂಡೇ ಉಳಿದಿದೆ.

ಸಂಜೆ ನಾಲ್ಕಕ್ಕೆ ಹೊಲ ಸೇರಿದೆವು. ಆ ಜಾಗದ ಚೆಲುವನ್ನು ಏನೆಂದು ಹೇಳುವುದು! ಮೂರು ದಿಕ್ಕಿಗೂ ನೀಲಿ ಬೆಟ್ಟ, ನಡುವೆ ಬಟ್ಟಲಿನಂಥ ಬಯಲು. ಅದರಲ್ಲಿ ತೆನೆ ಬಾಗಿದ ರಾಗಿ, ಮುಸುಕಿನ ಜೋಳ, ಕೋಸು, ಅಂಚಿನಲ್ಲಿ ಬಾಳೆ. ಗಾಳಿಯಲ್ಲಿ ಚಳಿ ಆಗಲೇ ಇಳಿಯುತ್ತಿತ್ತು. ಹುಡುಗರು ಗುಡಾರದ ಗೂಟ ಹೊಡೆಯತೊಡಗಿದರು. ಮನೆಯ ಯಜಮಾನರು, ಎಪ್ಪತ್ತರ ಹತ್ತಿರದ ವಯಸ್ಸು, ಬೀಡಿ ಸೇದುತ್ತಾ ಅದನ್ನೇ ನೋಡಿ ಕೇಳಿದರು: "ಏನ್ ಬುದ್ದಿ, ಮನ ಬುಟ್ಬುಟ್ಟು ಬಯಲಲ್ಲಿ ಮಲಗಕ್ಕ ದುಡ್ ಕೊಟ್ಟು ಗುಡಾರ ತಂದಿದ್ದರಾ? ನಮ್ಗ ಮನ ಒಳಗ ಮಲಗಕ್ಕ ಆಯ್ತಾ ಇಲ್ಲ ಅಂತ ನಾವು ಅಳ್ತಾ ಇದ್ದೀವಿ!"

ಅವರ ಮಾತು ತಮಾಷೆಯಾಗಿತ್ತು, ನಕ್ಕೆವು. ಅರ್ಥವಾದದ್ದು ಕತ್ತಲಾದ ಮೇಲೆ.

ಹೊಲದ ಮೂಲೆಯಲ್ಲಿ ಮರದ ಮೇಲೆ ಒಂದು ಅಟ್ಟಣೆ ಇತ್ತು. ನಾಲ್ಕು ಬೊಂಬು, ಮೇಲೆ ಹುಲ್ಲು, ಒಂದು ಹಳೆಯ ಟಾರ್ಪಾಲು. ಮುದ್ದೆ, ಹುರುಳಿಕಾಳಿನ ಬಸ್ಸಾರು ಉಂಡು ಏಳುವ ಹೊತ್ತಿಗೆ ಯಜಮಾನರೂ ಅವರ ಮಗನೂ ಕಂಬಳಿ, ಟಾರ್ಚು, ಒಂದು ತಗಡಿನ ಡಬ್ಬ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಪಟಾಕಿ ಹಿಡಿದು ಅತ್ತ ಹೊರಟರು. ರಾಗಿ ತೆನೆಗಟ್ಟಿದಂದಿನಿಂದ ಕಣ ಮುಗಿಯುವ ತನಕ ಅವರ ರಾತ್ರಿ ಅಲ್ಲೇ. ಸುತ್ತ ನೋಡಿದರೆ ಬಯಲಿನ ಉದ್ದಕ್ಕೂ ಒಂದೊಂದು ಹೊಲದಲ್ಲಿ ಒಂದೊಂದು ಬೆಂಕಿ. ದೂರದಿಂದ ನೋಡುವವರಿಗೆ ಯಾತ್ರಿಕರು ಬೀಡು ಬಿಟ್ಟಂತೆ ಕಾಣಬೇಕು. ಕಾಡಿನಂಚಿನಲ್ಲಿ ಆನೆ ಕಂದಕ ಇದೆ, ಸೌರ ಬೇಲಿಯೂ ಇದೆ. ಮಳೆಗೆ ಕಂದಕದ ದಂಡೆ ಕುಸಿದ ಕಡೆ ಆನೆ ಇಳಿದು ಹತ್ತುತ್ತದೆ. ಬೇಲಿಯ ಮೇಲೆ ಒಣಮರ ಬೀಳಿಸಿ ದಾಟುವುದನ್ನೂ ಕಲಿತಿದೆ. "ನಾವು ಒಂದ್ ಕಲ್ತ್ರ ಅದು ಎರಡು ಕಲ್ತದ" ಎಂದರು ಯಜಮಾನರು. ಅವರ ದನಿಯಲ್ಲಿ ಸಿಟ್ಟಿಗಿಂತ ಮೆಚ್ಚುಗೆಯೇ ಜಾಸ್ತಿ ಇತ್ತೆಂದು ನಮಗೆ ಅನಿಸಿತು.

ಕರುಪ್ಪನ್ ಎಂಬ ಒಂಟಿ ಸಲಗದ ವಿಷಯ ಅಲ್ಲಿ ಪ್ರತಿ ಮನೆಯಲ್ಲೂ ಕೇಳಬಹುದು. ಕಾವಲಿಗಿದ್ದ ರೈತರನ್ನು ಕೊಂದು, ತಿಂಗಳುಗಟ್ಟಲೆ ಈ ಊರುಗಳ ನಿದ್ದೆ ಕೆಡಿಸಿದ್ದ ಅದನ್ನು ಹಲವು ಸಲ ಪ್ರಯತ್ನಿಸಿ ಸೋತ ಮೇಲೆ, 2023ರ ಏಪ್ರಿಲ್‌ನಲ್ಲಿ ಅರಣ್ಯ ಇಲಾಖೆಯವರು ಮದ್ದಿನ ಚುಚ್ಚುಮದ್ದು ಹೊಡೆದು, ಕುಮ್ಕಿ ಆನೆಗಳ ಸಹಾಯದಿಂದ ಹಿಡಿದು ಬೇರೆ ಕಾಡಿಗೆ ಸಾಗಿಸಿದರು. ಕರುಪ್ಪನ್ ಹೋದ, ಮಿಕ್ಕ ಆನೆಗಳು ಇವೆ.

ಹುಡುಗರ ಗಿಟಾರ್ ಚೀಲದಿಂದ ಹೊರಬರಲಿಲ್ಲ. ಸದ್ದು ಮಾಡಿದರೆ ಆನೆ ಬಂದದ್ದು ಕೇಳಿಸುವುದಿಲ್ಲ ಎಂದು ಯಜಮಾನರ ಮಗ ಮೆಲ್ಲಗೆ ಹೇಳಿದ್ದ. ಇಬ್ಬಿಬ್ಬರಂತೆ ಸರದಿಯಲ್ಲಿ ನಾವೂ ಅಟ್ಟಣೆ ಹತ್ತಿದೆವು. ಆಗಾಗ ಒಂದು ಅಟ್ಟಣೆಯಿಂದ "ಹೋ…" ಎಂದು ಕೂಗು ಏಳುತ್ತದೆ. ಪಕ್ಕದವರು ಅದನ್ನು ಹಿಡಿದು ಮುಂದಕ್ಕೆ ಕೊಡುತ್ತಾರೆ, ಅದು ಬಯಲು ದಾಟಿ ಬೆಟ್ಟದ ಬುಡದ ತನಕ ಹೋಗುತ್ತದೆ. ಎಲ್ಲರೂ ಎಚ್ಚರವಿದ್ದಾರೆ, ಎಲ್ಲರೂ ಬದುಕಿದ್ದಾರೆ ಎಂದು ತಿಳಿಸುವ ಕ್ರಮ ಅದು. ಒಂದು ಕಡೆಯಿಂದ ಉತ್ತರ ಬರದಿದ್ದರೆ ಪಕ್ಕದವನು ಹೆಸರು ಹಿಡಿದು ಕರೆಯುತ್ತಾನೆ. ಎರಡನೆಯ ಸಲವೂ ಬರದಿದ್ದರೆ ಟಾರ್ಚು ಹಿಡಿದು ಇಳಿದು ಹೋಗುತ್ತಾನೆ. ನಾವು ಕೇಳುತ್ತಿದ್ದಂತೆಯೇ ಒಮ್ಮೆ ಹಾಗೆ ಉತ್ತರ ತಪ್ಪಿತು. ಎಷ್ಟು ಹೊತ್ತೋ, ನಿಮಿಷವೂ ಇರಲಾರದು. ಆಮೇಲೆ ನಿದ್ದೆಗಣ್ಣಿನ ಒಂದು "ಹೋ" ಬಂದಾಗ ನಮ್ಮ ಜೊತೆ ಕೂತಿದ್ದ ಯುವಕ ಉಸಿರು ಬಿಟ್ಟದ್ದು ಕೇಳಿಸಿತು.

ಆನೆ ಬಂದದ್ದು ಎರಡೂವರೆಗೆ. ನಮ್ಮ ಹೊಲಕ್ಕಲ್ಲ, ಎರಡು ಹೊಲ ಆಚೆಗೆ. ಮೊದಲು ನಾಯಿ ಬೊಗಳಿದ್ದು, ಆಮೇಲೆ ಜೋಳದ ದಂಟು ಮುರಿಯುವ ಲಟಲಟ ಸದ್ದು. ಡಬ್ಬಗಳು ಬಡಿದವು, ಟಾರ್ಚುಗಳು ಹೊತ್ತಿದವು, ಪಟಾಕಿ ಸಿಡಿಯಿತು. ಬೆಳಕಿನಲ್ಲಿ ಒಂದು ಕರಿಯ ಬೆನ್ನು ಮಾತ್ರ ನಮಗೆ ಕಂಡದ್ದು. ಓಡುವ ಅವಸರವೇ ಇಲ್ಲದೆ, ಸಂತೆ ಮುಗಿಸಿ ಮನೆಗೆ ಹೋಗುವವರಂತೆ ನಡೆದು ಹೋಯಿತು. ನಮ್ಮ ಗುಡಾರದ ಬಟ್ಟೆ ಎಷ್ಟು ತೆಳುವೆಂದು ಆಗ ಎಲ್ಲರಿಗೂ ಹೊಳೆಯಿತು. ಬೆಳಗಿನ ತನಕ ಯಾರೂ ಅದರೊಳಗೆ ಹೋಗಲಿಲ್ಲ.

ಎರಡನೆಯ ದಿನ ಪುಣಜನೂರಿನ ಕಡೆ ಹೆದ್ದಾರಿ ಹಿಡಿದು ಕಾರಪಳ್ಳಂ ತಪಾಸಣಾ ಠಾಣೆ ದಾಟಿ ಹಾಸನೂರಿನತ್ತ ಹೊರಟೆವು. ತಾಳವಾಡಿ ಕಡೆಯ ಕಬ್ಬು ಸತ್ಯಮಂಗಲದ ಬಳಿಯ ಸಕ್ಕರೆ ಕಾರ್ಖಾನೆಗೆ ಹೋಗುವುದು ಈ ದಾರಿಯಲ್ಲೇ. ಲಾರಿಯವರು ಎಸೆದ ಕಬ್ಬಿನ ರುಚಿ ಹತ್ತಿದ ಆನೆಗಳು ಇಲ್ಲಿ ರಸ್ತೆಗೆ ಅಡ್ಡ ನಿಂತು ಸುಂಕ ವಸೂಲಿ ಮಾಡುತ್ತವೆ. ನಮಗೂ ಒಂದು ತಾಯಿ, ಒಂದು ಮರಿ ಎದುರಾದವು. ಆಗ ಚಾಲಕರೇ ನಾಯಕರಾದರು. ಬಹಳ ದೂರದಲ್ಲೇ ನಿಲ್ಲಿಸಬೇಕು, ಹಾರ್ನ್ ಬೇಡ, ಆಕ್ಸಿಲರೇಟರ್ ತಿರುವಬೇಡಿ, ಫೋಟೊಗೆಂದು ಇಳಿಯಬೇಡಿ, ಗಾಡಿಯನ್ನು ಬಂದ ದಾರಿಯತ್ತ ತಿರುಗಿಸಿಟ್ಟುಕೊಳ್ಳಿ. ಇಪ್ಪತ್ತು ನಿಮಿಷ ಹಾಗೇ ನಿಂತಿದ್ದೆವು. ಕೊನೆಗೆ ಒಂದು ಬಸ್ಸು ಬಂದು, ಅದರ ಮರೆಯಲ್ಲಿ ಆರೂ ಬೈಕುಗಳು ಕೋಳಿಮರಿಗಳಂತೆ ದಾಟಿದವು.

ದಿಂಬಂ ತಲೆಯ ಮೇಲೆ ನಿಂತರೆ ಕೆಳಗೆ ಸತ್ಯಮಂಗಲದ ಬಯಲು, ಮಂಜು ಸರಿದಾಗ ಭವಾನಿಸಾಗರದ ನೀರು. ಅಲ್ಲಿಂದ ಬಣ್ಣಾರಿಯವರೆಗೆ 27 ಹೇರ್‌ಪಿನ್ ತಿರುವುಗಳು. ಪ್ರತಿ ತಿರುವಿಗೂ ನಂಬರ್ ಹಾಕಿದ್ದಾರೆ. ಇಳಿಯುವಾಗ ಎರಡನೆಯ ಗೇರಿಗೆ ಹಾಕಿ, ಬ್ರೇಕನ್ನು ಹಿಡಿದೇ ಇರದೆ ಇಂಜಿನ್ನಿನ ಬಿಗಿಯಲ್ಲಿ ಇಳಿಯಬೇಕು. ಇಲ್ಲದಿದ್ದರೆ ಅರ್ಧ ದಾರಿಗೇ ಬ್ರೇಕು ಕಾದು ಕೆಲಸ ಬಿಡುತ್ತದೆ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರ ಫೆಬ್ರವರಿಯಿಂದ ಈ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದಿದೆ. ಪ್ರಾಣಿಗಳು ವಾಹನಕ್ಕೆ ಸಿಕ್ಕಿ ಸಾಯುತ್ತಿದ್ದವು ಎಂಬ ಕಾರಣ ನಿಜ. ಆಗ ತಾಳವಾಡಿಯವರು ಅಂಗಡಿ ಮುಚ್ಚಿ ಪ್ರತಿಭಟಿಸಿದ್ದೂ ನಿಜ. ಕೋಸು, ಟೊಮೆಟೊ ರಾತ್ರಿ ಹೊರಟರೆ ತಾನೇ ಬೆಳಗಿನ ಮಾರುಕಟ್ಟೆಗೆ ಸೇರುವುದು? ಹಿಂದಿನ ರಾತ್ರಿ ಅಟ್ಟಣೆಯಲ್ಲಿ ಕೂತಿರದಿದ್ದರೆ ನಾವು ಸುಲಭವಾಗಿ ಪ್ರಾಣಿಗಳ ಪಕ್ಷ ವಹಿಸಿ ಮಾತು ಮುಗಿಸುತ್ತಿದ್ದೆವೇನೋ. ಅಂದು ಬಣ್ಣಾರಿಯ ಚಹಾ ಅಂಗಡಿಯಲ್ಲಿ ನಮ್ಮೊಳಗೇ ವಾದ ಹತ್ತಿ, ತೀರ್ಪಾಗದೆ ಉಳಿಯಿತು.

ಆ ರಾತ್ರಿ ಸತ್ಯಮಂಗಲದಲ್ಲಿ ಪರಿಚಯದವರ ಅಂಗಳದಲ್ಲಿ ಗುಡಾರ ಹಾಕಿದೆವು. ಸೊಳ್ಳೆಗಳ ಹೊರತು ಹೇಳುವಂಥದ್ದೇನೂ ಇಲ್ಲ.

ಮೂರನೆಯ ದಿನ ಮತ್ತೆ ಘಾಟಿ ಹತ್ತಿ, ಹಾಸನೂರಿನಿಂದ ಗೇರ್ಮಾಳಂ ದಾರಿಯಲ್ಲಿ ಕೊಳ್ಳೇಗಾಲದ ಕಡೆ ತಿರುಗಿದೆವು. ಇಡೀ ಪ್ರಯಾಣದಲ್ಲಿ ಅತಿ ಸುಂದರ ರಸ್ತೆ ಯಾವುದೆಂದು ಕೇಳಿದರೆ ಇದನ್ನೇ ಹೇಳುತ್ತೇವೆ. ಕಿರಿದಾದ ದಾರಿ, ಎರಡೂ ಕಡೆ ಒತ್ತಿದ ಕಾಡು, ನಡುನಡುವೆ ಸೋಲಿಗರ ಹಾಡಿಗಳು. ಗಡಿ ದಾಟಿ ಒಡೆಯರಪಾಳ್ಯಕ್ಕೆ ಬಂದರೆ ಇದ್ದಕ್ಕಿದ್ದಂತೆ ಬಣ್ಣದ ಬಾವುಟಗಳು, ಜಪಮಣಿ ಎಣಿಸುವ ಅಜ್ಜಂದಿರು. 1970ರ ದಶಕದಲ್ಲಿ ಇಲ್ಲಿ ನೆಲೆ ಕಂಡ ಟಿಬೆಟಿನವರು. ಅವರ ಹೊಲಗಳಲ್ಲೂ ಮುಸುಕಿನ ಜೋಳ. ಊಟದ ಹೋಟೆಲಿನ ಹೆಂಗಸು ಸೊಗಸಾದ ಕನ್ನಡದಲ್ಲಿ ಹೇಳಿದ ಮೊದಲ ಮಾತೇ, "ಕತ್ತಲಾಗೋ ಮುಂಚೆ ಹೊರಟುಬಿಡಿ, ಆನೆ ಇದೆ."

ಕೊಳ್ಳೇಗಾಲದ ಬಸ್ ನಿಲ್ದಾಣದ ಬಳಿ ಮೇಷ್ಟ್ರು ತಾಳವಾಡಿಗೆ ಫೋನ್ ಮಾಡಿದರು. ಯಜಮಾನರು ಮಲಗಿದ್ದರು, ಎತ್ತಿದ್ದು ಅವರ ಮೊಮ್ಮಗಳು, ಹತ್ತನೇ ತರಗತಿಯವಳು. ಹಿಂದಿನ ರಾತ್ರಿ ಮೂರು ಆನೆ ಬಂದಿದ್ದವಂತೆ. ರಾಗಿ ಉಳಿಯಿತು, ಅಂಚಿನ ಬಾಳೆ ಹೋಯಿತು. ಪರಿಹಾರಕ್ಕೆ ಅರ್ಜಿ ಹಾಕಬೇಕು. ತಾತ ಓದಿದ್ದು ಕನ್ನಡ ಶಾಲೆಯಲ್ಲಿ, ಅರ್ಜಿ ತಮಿಳಿನಲ್ಲಿರಬೇಕು. 2006ರ ಕಾಯಿದೆ ಬಂದ ಮೇಲೆ ಶಾಲೆಯಲ್ಲಿ ತಮಿಳು ಕಡ್ಡಾಯವಾದ್ದರಿಂದ ಮನೆಯಲ್ಲಿ ಅದನ್ನು ಬರೆಯಬಲ್ಲವಳು ಅವಳೊಬ್ಬಳೇ. ಎಷ್ಟು ಗಿಡ ಮುರಿದಿವೆ ಎಂದು ಹೊಲಕ್ಕೆ ಹೋಗಿ ಎಣಿಸುತ್ತಾ ಇದ್ದೀನಿ, ಆಮೇಲೆ ಮಾಡಿ ಮೇಷ್ಟ್ರೇ ಎಂದು ಫೋನ್ ಇಟ್ಟಳು.